ಅಂಗಡಿಗೆ ಬೀಗ ಹಾಕಿ ಬಂದವರು

ಸಣ್ಣ ಉದ್ಯಮಿಗಳ ಸಮಾವೇಶಕ್ಕೆ ಪ್ರವೇಶ ಉಚಿತ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿರುತ್ತಾರೆ. ಅದು ಪೂರ್ತಿ ನಿಜವಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್ ಇಟ್ಟುಕೊಂಡು, ಇಬ್ಬರು ಹುಡುಗರ ಜೊತೆ ತಾವೂ ನಿಂತು ದುಡಿಯುವವರು ಶೆಡ್ಡಿನ ಶಟರ್ ಎಳೆದು ಬಂದರೆ ಅವತ್ತಿನ ಕೆಲಸ ಹೋಯಿತು. ಬಾಡಿಗೆ, ಬ್ಯಾಂಕಿನ ಕಂತು, ಹುಡುಗರ ಪಗಾರ ಯಾವುದೂ ತಪ್ಪುವುದಿಲ್ಲ. ಒಬ್ಬರೇ ನಡೆಸುವ ಹೊಲಿಗೆ ಅಂಗಡಿಯಾದರೆ, ಲಗ್ನಸರಾಯಿಯಲ್ಲಿ ಕೊಡಬೇಕಾದ ಬಟ್ಟೆಗಳೆಲ್ಲ ಒಂದು ದಿನ ಹಿಂದೆ ಬೀಳುತ್ತವೆ. ಹುಬ್ಬಳ್ಳಿಯಲ್ಲಿ ಈಚೆಗೆ ನಡೆದ ಇಂಥದೊಂದು ಜಿಲ್ಲಾ ಮಟ್ಟದ ಸಮಾವೇಶದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿದ್ದೆ. ಬಂದವರು ಬಿಟ್ಟುಬಂದ ದುಡಿಮೆಗೆ ಸಮನಾದದ್ದೇನಾದರೂ ಅವರಿಗೆ ಇಲ್ಲಿ ಸಿಕ್ಕೀತೇ ಎಂಬುದೇ ನನ್ನ ತಲೆಯಲ್ಲಿತ್ತು.

ಕೆಲವರಿಗೆ ಸಿಕ್ಕಿತು. ಸಿಕ್ಕಿದ್ದೆಲ್ಲ ವೇದಿಕೆಯ ಕೆಳಗೆ.

ದೊಡ್ಡ ಸಮಾವೇಶಗಳ ಲೆಕ್ಕವೇ ಬೇರೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಇನ್ವೆಸ್ಟ್ ಕರ್ನಾಟಕದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂದಿದೆ ಎಂದು ಸರ್ಕಾರ ಹೇಳಿತು. ಆ ಅಂಕಿ ಮುಖಪುಟಕ್ಕೆ ಹೋಯಿತು. ಜಿಲ್ಲೆಯ ಸಮಾವೇಶದ ಸುದ್ದಿ ಒಳಪುಟದಲ್ಲಿ, ದೀಪ ಬೆಳಗಿಸುವ ಫೋಟೊದ ಜೊತೆ ಮುಗಿದುಹೋಗುತ್ತದೆ. ಆದರೆ ಆ ದೊಡ್ಡ ಕಾರ್ಖಾನೆಗಳು ನಾಳೆ ಎದ್ದು ನಿಂತಾಗ ಬ್ರಾಕೆಟ್, ಬುಶ್, ಪ್ಯಾಕಿಂಗ್ ಡಬ್ಬಿ, ಕಾರ್ಮಿಕರ ಯೂನಿಫಾರ್ಮ್ ಕೊಡಬೇಕಾದವರು ಇಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಇವರೇ.

‘ಸಣ್ಣ ಉದ್ಯಮ’ ಅಂದರೆ ಎಷ್ಟು ಸಣ್ಣದು ಎಂಬಲ್ಲೇ ಮೊದಲ ತೊಡಕು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಲೆಕ್ಕದಂತೆ ಯಂತ್ರೋಪಕರಣದ ಮೇಲಿನ ಹೂಡಿಕೆ 2.5 ಕೋಟಿ, ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದಿದ್ದರೆ ಅದು ಸೂಕ್ಷ್ಮ ಉದ್ಯಮ. 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟಿನವರೆಗೆ ಸಣ್ಣದು. 125 ಕೋಟಿ, 500 ಕೋಟಿವರೆಗೆ ಮಧ್ಯಮ. ಹಾಗಾಗಿ ಮನೆಯ ಪಡಸಾಲೆಯಲ್ಲಿ ಚಟ್ನಿಪುಡಿ ಮಾಡಿ ಮಾರುವವರೂ ವರ್ಷಕ್ಕೆ ಒಂಬತ್ತು ಕೋಟಿಯ ವಾಲ್ವ್ ಮಾರುವವರೂ ಕಾಗದದ ಮೇಲೆ ಒಂದೇ ಜಾತಿ. ಅವರನ್ನೆಲ್ಲ ಒಂದೇ ಹಾಲಿನಲ್ಲಿ ಕೂರಿಸಿ ರಫ್ತಿನ ಬಗ್ಗೆ ಒಂದೇ ಭಾಷಣ ಮಾಡಿದರೆ ಒಬ್ಬರಿಗೆ ಅದು ತೀರಾ ಗೊತ್ತಿರುವ ಮಾತು, ಇನ್ನೊಬ್ಬರಿಗೆ ತೀರಾ ದೂರದ ಮಾತು. ಬೆಳಗಿನ ಹೊತ್ತು ಆದದ್ದು ಹೆಚ್ಚುಕಡಿಮೆ ಅದೇ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಸ್ಮರಣಿಕೆ. ಗಣ್ಯರು ಮಾತು ಮುಗಿಸಿ ಇನ್ನೊಂದು ಕಾರ್ಯಕ್ರಮಕ್ಕೆ ಹೊರಟಾಗ ಅವರ ಹಿಂದೆ ಕ್ಯಾಮೆರಾಗಳೂ ಹೊರಟವು. ಅಷ್ಟರಲ್ಲಿ ಗಡಿಯಾರ ಹನ್ನೆರಡು ದಾಟಿತ್ತು. ನಂತರದ ಗೋಷ್ಠಿ ಇಂಗ್ಲಿಷ್ ಸ್ಲೈಡುಗಳದ್ದು. ಒಬ್ಬ ಅಧಿಕಾರಿ ಮಾತ್ರ ಅರ್ಧಕ್ಕೆ ಸ್ಲೈಡು ನಿಲ್ಲಿಸಿ, ಮೈಕ್ ಕೈಗೆತ್ತಿಕೊಂಡು ಕೆಳಗಿಳಿದು ಬಂದು, ‘ಯಾರ್ಯಾರು ಉದ್ಯಮ್ ನೋಂದಣಿ ಮಾಡಿಸೀರಿ, ಕೈ ಎತ್ರಿ’ ಎಂದರು. ಅರೆನಿದ್ದೆಯಲ್ಲಿದ್ದ ಹಾಲು ಎದ್ದು ಕೂತಿತು.

ಕೈ ಎತ್ತಿದವರು ಅರ್ಧದಷ್ಟೂ ಇರಲಿಲ್ಲ. ಇಂಥ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ 2020ರ ಜುಲೈಯಲ್ಲಿ ಶುರುಮಾಡಿದ ಈ ನೋಂದಣಿಗೆ ಒಂದು ರೂಪಾಯಿಯೂ ಶುಲ್ಕವಿಲ್ಲ. ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ. ಆದರೂ ಸರ್ಕಾರದ ಜಾಲತಾಣದ ಹಾಗೆಯೇ ಕಾಣುವ ಖಾಸಗಿ ಜಾಲತಾಣಗಳಲ್ಲಿ ಸಾವಿರ, ಎರಡು ಸಾವಿರ ಕಟ್ಟಿ ಬಂದವರು ಹಾಲಿನಲ್ಲಿದ್ದರು. ‘gov.in’ ಎಂದು ಕೊನೆಯಾಗದ ಕಡೆ ದುಡ್ಡು ಕಟ್ಟಬೇಡಿ ಎಂದು ಆ ಅಧಿಕಾರಿ ಎರಡೆರಡು ಸಲ ಹೇಳಿದರು. ಬೆಳಗಿನ ಎಲ್ಲ ಭಾಷಣಗಳಿಗಿಂತ ಈ ಒಂದು ಮಾತು ಹೆಚ್ಚು ಜನರ ಜೇಬು ಕಾದಿರಬೇಕು.

ಹಾಲಿನ ಹೊರಗೆ ಶಾಮಿಯಾನದ ಕೆಳಗೆ ಟೇಬಲ್ಲುಗಳು. ಜಿಲ್ಲಾ ಕೈಗಾರಿಕಾ ಕೇಂದ್ರ, ಖಾದಿ ಗ್ರಾಮೋದ್ಯೋಗ ಮಂಡಳಿ, ಬ್ಯಾಂಕುಗಳು, ತರಬೇತಿ ಸಂಸ್ಥೆಗಳು. ಧಾರವಾಡದಲ್ಲೇ ಕೇಂದ್ರ ಕಚೇರಿ ಇರುವ ಸಿಡಾಕ್, ಅಂದರೆ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರದ ಹೆಸರು ಕೇಳದ ಹುಬ್ಬಳ್ಳಿಯ ಯುವಕರು ಅಲ್ಲಿ ಸಿಕ್ಕರು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಕ್ಷೇತ್ರ ಮತ್ತು ಎರಡು ಬ್ಯಾಂಕುಗಳು ಸೇರಿ ಆರಂಭಿಸಿದ ರುಡ್‌ಸೆಟ್ ಮಾದರಿಯೇ ಮುಂದೆ ಆರ್‌ಸೆಟಿ ಎಂಬ ಹೆಸರಲ್ಲಿ ದೇಶದ ಜಿಲ್ಲೆ ಜಿಲ್ಲೆಗೂ ಹೋಯಿತು. ಊಟ, ವಸತಿ ಕೊಟ್ಟು ಉಚಿತವಾಗಿ ಸ್ವಉದ್ಯೋಗ ಕಲಿಸುವ ಜಾಗ ಅದು. ಇಂಥ ಮಾಹಿತಿ ಯಾವತ್ತೂ ಗುಟ್ಟಾಗಿರಲಿಲ್ಲ. ಆದರೆ ಅದು ಕಚೇರಿಯ ಗೋಡೆ ದಾಟಿ ಶೆಡ್ಡಿಗೆ ಬರಬೇಕಾದರೆ ಯಾರಾದರೂ ಬಾಯಿಂದ ಹೇಳಬೇಕು.

ಬ್ಯಾಂಕಿನ ಟೇಬಲ್ಲಿನ ಮುಂದೆ ಜನ ಮುಗಿಬಿದ್ದಿದ್ದರು. ಅಲ್ಲಿ ಎಲ್ಲರೂ ಕೇಳುತ್ತಿದ್ದದ್ದು ‘ಸಬ್ಸಿಡಿ ಎಷ್ಟು ಬರ್ತದ್ರಿ’ ಎಂದೇ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ 2008ರಿಂದ ಇದೆ. ಹೊಸ ಘಟಕಕ್ಕೆ, ತಯಾರಿಕೆಯಾದರೆ 50 ಲಕ್ಷ, ಸೇವೆಯಾದರೆ 20 ಲಕ್ಷ ರೂಪಾಯಿ ವೆಚ್ಚದವರೆಗೆ ಸಹಾಯ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಮಹಿಳೆಯರು, ಪರಿಶಿಷ್ಟರು ಮೊದಲಾದ ವರ್ಗಗಳಿಗೆ ಶೇ 25 ಮತ್ತು 35. ಕರಪತ್ರದಲ್ಲಿ ಇಷ್ಟು ಇರುತ್ತದೆ. ಕರಪತ್ರದಲ್ಲಿ ಇಲ್ಲದ್ದನ್ನು ಆ ಟೇಬಲ್ಲಿನ ಹಿಂದೆ ಕೂತಿದ್ದ ನಿವೃತ್ತಿಯ ಅಂಚಿನ ಮ್ಯಾನೇಜರ್ ಹೇಳಿದರು: ಸಬ್ಸಿಡಿ ಕೈಗೆ ಸಿಗುವ ದುಡ್ಡಲ್ಲ. ಅದು ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ ಮೂರು ವರ್ಷ ಠೇವಣಿಯಾಗಿ ಕೂತಿರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಘಟಕ ನಡೆಯುತ್ತಿದೆ ಎಂದು ಪರಿಶೀಲಿಸಿದ ಮೇಲಷ್ಟೇ ಅದು ಸಾಲಕ್ಕೆ ಜಮೆ. ‘ಮೊದಲನೇ ವರ್ಷ ಯಂತ್ರ ನಡಸಾಕ ಕಚ್ಚಾ ಮಾಲಿಗೆ ರೊಕ್ಕ ಎಲ್ಲಿಂದ ತರ್ತೀರಿ, ಅದನ್ನ ಬರಕೊಂಡು ಬರ್ರಿ, ಸಬ್ಸಿಡಿ ಲೆಕ್ಕ ಆಮೇಲೆ ನೋಡೂಣು’ ಎಂದು ಒಬ್ಬ ಹುಡುಗನನ್ನು ಕಳಿಸಿದರು. ಹುಡುಗನ ಮುಖ ಸಣ್ಣದಾಯಿತು. ಆದರೆ ಅವನಿಗೆ ಅವತ್ತು ಸಿಕ್ಕ ಅತ್ಯಂತ ಪ್ರಾಮಾಣಿಕ ಸಲಹೆ ಅದು. ಸಬ್ಸಿಡಿಯ ಆಸೆಗೆ ದೊಡ್ಡ ಯಂತ್ರ ತಂದು, ದುಡಿಯುವ ಬಂಡವಾಳವಿಲ್ಲದೆ ಕೈಕಟ್ಟಿ ಕೂತ ಘಟಕಗಳು ಪ್ರತಿ ಕೈಗಾರಿಕಾ ಎಸ್ಟೇಟಿನಲ್ಲೂ ಇವೆ.

ಅಡಮಾನದ ವಿಷಯವೂ ಹೀಗೆಯೇ. ಸೂಕ್ಷ್ಮ, ಸಣ್ಣ ಉದ್ಯಮಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿತ್ತು. ಅಡಮಾನವಿಲ್ಲದ ಸಾಲಕ್ಕೆ ಜಾಮೀನು ನಿಲ್ಲಲೆಂದು 2000ದಲ್ಲಿ ಕೇಂದ್ರ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಬ್ಯಾಂಕ್ ಸಿಡ್ಬಿ ಸೇರಿ ಕಟ್ಟಿದ ಖಾತರಿ ನಿಧಿ ಟ್ರಸ್ಟ್ ಇದೆ. ಅದರ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿ. ಇಷ್ಟಿದ್ದೂ ‘ಮನಿ ಕಾಗದಪತ್ರ ತರ್ರಿ’ ಎಂಬ ಮಾತು ಕೇಳಿಸಿಕೊಂಡು ಬಂದವರೇ ಅಲ್ಲಿ ಹೆಚ್ಚು. ಸಮಾವೇಶಕ್ಕೆ ಲೀಡ್ ಬ್ಯಾಂಕಿನ ಅಧಿಕಾರಿ ಬಂದು ನಿಯಮ ಓದಿ ಹೇಳಿದರೆ ಸಾಲದು. ಸಾಲ ಮಂಜೂರು ಮಾಡುವ ಶಾಖೆಗಳ ಮ್ಯಾನೇಜರುಗಳು ಬಂದು, ಅವರ ಶಾಖೆಯ ವ್ಯಾಪ್ತಿಯ ಉದ್ಯಮಿಗಳ ಎದುರೇ ಆ ನಿಯಮ ಕೇಳಬೇಕು.

ಮಧ್ಯಾಹ್ನದ ಊಟಕ್ಕೆ ಮುಂಚಿನ ಗೋಷ್ಠಿಗೆ ‘ವಿಳಂಬ ಪಾವತಿ’ ಎಂಬ ಸಪ್ಪೆ ಹೆಸರು ಇಟ್ಟಿದ್ದರು. ಅರ್ಧ ಕುರ್ಚಿಗಳು ಖಾಲಿ. ನನ್ನ ಮಟ್ಟಿಗೆ ಇಡೀ ದಿನದ ಜೀವ ಇದ್ದದ್ದು ಅದರಲ್ಲಿ. ತಾರಿಹಾಳದಲ್ಲಿ ಜಾಬ್ ವರ್ಕ್ ಮಾಡುವ ಒಬ್ಬರು ಎದ್ದು ನಿಂತು ಹೇಳಿದರು: ‘ರೊಕ್ಕಾ ಕೇಳಿದ್ರ ಮುಂದಿನ ಆರ್ಡರ್ ಹೋಗ್ತೈತ್ರಿ. ಕೇಳದಿದ್ರ ಹಿಂದಿನ ರೊಕ್ಕಾ ಹೋಗ್ತೈತಿ. ಯಾವುದು ಬಿಡೂಣ್ರಿ?’

ಕಾನೂನು ಅವರ ಪರವಾಗಿಯೇ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಕರಾರು ಏನೇ ಇರಲಿ, ಸರಕು ಒಪ್ಪಿಕೊಂಡ 45 ದಿನದೊಳಗೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಹಣ ಕೊಡಲೇಬೇಕು. ಲಿಖಿತ ಕರಾರು ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ದೂರನ್ನು ಸಮಾಧಾನ್ ಪೋರ್ಟಲ್‌ನಲ್ಲಿ ಹಾಕಬಹುದು, ಅದು 2017ರಿಂದ ಇದೆ. ದೂರು ಇಂಥ ವ್ಯಾಜ್ಯ ಬಗೆಹರಿಸುವ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಮಂಡಳಿಯ ತೀರ್ಪಿನ ವಿರುದ್ಧ ಖರೀದಿದಾರರು ಕೋರ್ಟಿಗೆ ಹೋಗಬೇಕೆಂದರೆ ಮೊದಲು ಮೊತ್ತದ ಶೇ 75ರಷ್ಟನ್ನು ಠೇವಣಿ ಇಡಬೇಕು. ಇಷ್ಟು ಗಟ್ಟಿಯಾದ ಕಾನೂನು ಸಣ್ಣವರ ಪಾಲಿಗೆ ಇರುವುದೇ ಅಪರೂಪ. 2023ರಲ್ಲಿ ಆದಾಯ ತೆರಿಗೆ ಕಾನೂನಿಗೆ ಸೇರಿಸಿದ, 43ಬಿ (ಎಚ್) ಎಂದು ಹೆಸರಾದ ನಿಯಮವಂತೂ ಬೇರೆ ದಿಕ್ಕಿನಿಂದ ಒತ್ತಿತು. ಗಡುವು ಮೀರಿದ ಬಾಕಿಯನ್ನು ತೀರಿಸುವವರೆಗೆ ಖರೀದಿದಾರರು ಆ ಖರ್ಚನ್ನು ತಮ್ಮ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ. ಇದು ಬಂದ ಮೇಲೆ ಮಾರ್ಚ್ ಕೊನೆಯಲ್ಲಿ ಬಾಕಿ ಬರತೊಡಗಿತು ಎಂದು ಕೆಲವರು ಹೇಳಿದರು. ‘ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸ್ರಿ, ಇಲ್ಲಾಂದ್ರ ಬ್ಯಾರೆಯವರ ಹತ್ರ ತಗೋತೀವಿ’ ಎಂದು ಖರೀದಿದಾರರು ಹೇಳಿದ್ದನ್ನೂ ಹೇಳಿದರು.

ಕಾನೂನಿನ ಬಲ ಅಲ್ಲಿಗೇ ಸೋರಿಹೋಗುತ್ತದೆ. ಇರುವ ಒಬ್ಬಿಬ್ಬರು ಗಿರಾಕಿಗಳ ಮೇಲೆ ದೂರು ಕೊಟ್ಟು ಬದುಕುವುದು ಹೇಗೆ? ಗೋಷ್ಠಿ ನಡೆಸುತ್ತಿದ್ದ ಲೆಕ್ಕ ಪರಿಶೋಧಕಿ ಬಹಳ ಸಮಾಧಾನದಿಂದ ದಾರಿ ತೋರಿಸಿದರು. ಸರಕು ಕಳಿಸುವ ಮೊದಲೇ ನೋಂದಣಿ ಆಗಿರಲಿ, ಆಮೇಲೆ ಮಾಡಿಸಿದರೆ ವಾದಕ್ಕೆ ಎಡೆ. ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ಸಂಖ್ಯೆ ಮತ್ತು ‘45 ದಿನದೊಳಗೆ ಪಾವತಿ’ ಎಂಬ ಸಾಲು ಅಚ್ಚಾಗಿರಲಿ. ಚಲನ್ ಮೇಲೆ ಸರಕು ಪಡೆದವರ ಸಹಿ, ದಿನಾಂಕ ತಪ್ಪದೆ ಇರಲಿ. ದೊಡ್ಡ ಕಂಪನಿಯಾದರೆ ಟ್ರೆಡ್ಸ್ ವೇದಿಕೆಯಲ್ಲಿ ಬಿಲ್ಲನ್ನೇ ಬ್ಯಾಂಕಿಗೆ ಮಾರಿ ಬೇಗ ಹಣ ಪಡೆಯಲು ಸಾಧ್ಯವೇ ಕೇಳಿ. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಅದರಲ್ಲಿ ನೋಂದಾಯಿಸಲೇಬೇಕೆಂದು 2024ರ ನವೆಂಬರಿನ ಆದೇಶವಿದೆ. ಒಬ್ಬ ಸ್ಟೇಷನರಿ ವ್ಯಾಪಾರಿ ತನಗೂ ಇದು ಅನ್ವಯಿಸುತ್ತದೆಯೇ ಎಂದು ಕೇಳಿದಾಗ ಅವರು ಇಲ್ಲವೆಂದೇ ಹೇಳಬೇಕಾಯಿತು. ಕೊಂಡು ಮಾರುವವರಿಗೆ ಉದ್ಯಮ್ ನೋಂದಣಿ ಸಿಕ್ಕರೂ ಅದು ಆದ್ಯತಾ ವಲಯದ ಸಾಲಕ್ಕಷ್ಟೇ, ವಿಳಂಬ ಪಾವತಿಯ ರಕ್ಷಣೆ ಅವರಿಗಿಲ್ಲ. ಆ ಮನುಷ್ಯ ಸುಮ್ಮನೆ ಕೂತರು. ನನಗೆ ಇದು ಅನ್ಯಾಯವೆನಿಸುತ್ತದೆ. ಬಾಕಿ ಉಳಿದ ಅಂಗಡಿಯವರ ಮನೆಯಲ್ಲೂ ಅದೇ ಒಲೆ ಉರಿಯಬೇಕು.

ಲೆಕ್ಕ ಪರಿಶೋಧಕಿ ಕೊನೆಗೆ ಹೇಳಿದ ಮಾತನ್ನು ನಾನು ಬರೆದಿಟ್ಟುಕೊಂಡೆ. ಒಬ್ಬರೇ ನೋಟಿಸ್ ಕಳಿಸಿದರೆ ಜಗಳವಾಗುತ್ತದೆ, ಸಂಘದ ಲೆಟರ್‌ಹೆಡ್ಡಿನಲ್ಲಿ ಹತ್ತು ಜನರ ಬಾಕಿ ಸೇರಿಸಿ ಬರೆದರೆ ಪತ್ರವ್ಯವಹಾರವಾಗುತ್ತದೆ ಎಂದರು. ಸಂಘಗಳು ಹುಟ್ಟಿದ್ದೇ ಇದಕ್ಕಲ್ಲವೇ? ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಅವರ ಒತ್ತಾಸೆಯಿಂದ ಮೈಸೂರು ಚೇಂಬರ್ ಆಫ್ ಕಾಮರ್ಸ್ ಕಟ್ಟಲಾಯಿತು, ಇಂದಿನ ಎಫ್‌ಕೆಸಿಸಿಐ ಅದೇ. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ 1928ರದ್ದು. ಸಣ್ಣ ಕೈಗಾರಿಕೆಗಳದ್ದೇ ಆದ ಕಾಸಿಯಾ 1949ರದ್ದು. ಮಹಿಳಾ ಉದ್ಯಮಿಗಳಿಗಾಗಿ ಅವೇಕ್ 1983ರಲ್ಲಿ ಬಂತು. ಇಷ್ಟು ಹಳೆಯ ಬೇರುಗಳಿರುವ ರಾಜ್ಯದಲ್ಲಿ ಒಬ್ಬ ಲೇತ್ ಮಾಲೀಕ ತನ್ನ ಬಾಕಿಗೆ ಒಬ್ಬನೇ ಅಂಗಲಾಚುವ ಹಾಗಿರಬಾರದು.

ಊಟದ ಪಾಳಿ ಉದ್ದವಿತ್ತು. ತಟ್ಟೆ ಹಿಡಿದು ನಿಂತವರು ಪರಿಚಯ ಮಾಡಿಕೊಳ್ಳತೊಡಗಿದರು. ಬೆಳಗಾವಿಯ ಉದ್ಯಮಬಾಗಿನಿಂದ ಬಂದಿದ್ದ ಫೌಂಡ್ರಿಯವರೊಬ್ಬರು ಊಟ ಮುಗಿಸಿ ಚೀಲದಿಂದ ಅಂಗೈಯಗಲದ ಒಂದು ವಾಲ್ವ್ ಬಾಡಿಯ ಎರಕ ತೆಗೆದರು. ಗೋಷ್ಠಿಯಲ್ಲಿ ರೊಕ್ಕದ ಪ್ರಶ್ನೆ ಕೇಳಿದ್ದ ತಾರಿಹಾಳದ ಜಾಬ್ ವರ್ಕಿನವರು ಅದನ್ನು ಇಸಕೊಂಡು ತೂಕ ನೋಡುವವರಂತೆ ಕೈಯಲ್ಲಿ ಆಡಿಸಿದರು. ಫ್ಲೇಂಜಿನ ಅಂಚಿನ ಮೇಲೆ ಹೆಬ್ಬೆರಳ ಉಗುರು ಎಳೆಯುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. ಸೂಜಿಮೊನೆಯಷ್ಟು ಸಣ್ಣ ತೂತು. ‘ಇದು ಈಗ ಕಾಣ್ತದ. ಒಳಗ ಇದ್ದದ್ದು ಮಷಿನಿಂಗ್ ಆದಮ್ಯಾಲೆ ಕಾಣ್ತದ. ಆವಾಗ ನಮ್ಮ ಕೂಲಿ ಯಾರ ಕೊಡ್ತಾರ್ರಿ ಅಣ್ಣಾರ?’

ಈ ಕಸುಬಿನ ಹಳೆಯ ಜಗಳ ಇದು. ಎರಕದಲ್ಲಿ ದೋಷವಿದ್ದರೆ ಫೌಂಡ್ರಿಯವರು ಬೇರೆ ಎರಕ ಕೊಡುತ್ತಾರೆ. ಆದರೆ ಆ ಕೆಟ್ಟ ಎರಕದ ಮೇಲೆ ಲೇತಿನವರು ಸುರಿದ ಗಂಟೆಗಳು, ಸವೆದ ಟೂಲ್, ಕರೆಂಟು ಯಾರ ಲೆಕ್ಕಕ್ಕೆ? ಬಹಳ ಕಡೆ ಲೇತಿನವರ ತಲೆಗೇ. ಬೆಳಗಾವಿಯವರು ತಕರಾರು ಮಾಡಲಿಲ್ಲ. ಮರಳಿನ ತೇವದಿಂದಲೂ ಹೀಗಾಗುತ್ತದೆ, ಮಳೆಗಾಲದಲ್ಲಿ ಹೆಚ್ಚು ಎಂದರು. ಒಂದು ಮಿತಿಗಿಂತ ಹೆಚ್ಚು ಪೀಸು ಕೆಟ್ಟರೆ ಅರ್ಧ ಕೂಲಿ ತಾವು ಕೊಡುತ್ತೇವೆ ಎಂದರು. ಆ ಮಿತಿ ಎಷ್ಟು ಎಂಬ ಬಗ್ಗೆ ಇಬ್ಬರೂ ಕೈ ತೊಳೆಯುವ ನಳದ ಹತ್ತಿರ ನಿಂತು ಬಹಳ ಹೊತ್ತು ಮಾತಾಡಿದರು. ಮುಂದಿನ ಗೋಷ್ಠಿಯ ಘೋಷಣೆ ಮೂರು ಸಲ ಆಯಿತು, ಇಬ್ಬರೂ ಕದಲಲಿಲ್ಲ. ಕೊನೆಗೆ ಇಪ್ಪತ್ತೈದು ಪೀಸಿನ ಟ್ರಯಲ್ ಲಾಟಿಗೆ ಮಾತು ನಿಂತಿತು. ವೇದಿಕೆಯ ಮೇಲೆ ಈ ಮಾತು ಆಗುವುದು ಸಾಧ್ಯವೇ ಇರಲಿಲ್ಲ. ಕೈಯಲ್ಲಿ ಎರಕ ಇಲ್ಲದಿದ್ದರೆ ಕೆಳಗೂ ಆಗುತ್ತಿರಲಿಲ್ಲ. ಸಮಾವೇಶಕ್ಕೆ ಹೊರಟವರು ವಿಸಿಟಿಂಗ್ ಕಾರ್ಡಿಗಿಂತ ಮೊದಲು ತಮ್ಮ ಮಾಲನ್ನು ಚೀಲಕ್ಕೆ ಹಾಕಿಕೊಳ್ಳಬೇಕು. ಎಂಥ ಆರ್ಡರ್ ಬೇಕು, ತಿಂಗಳಿಗೆ ಎಷ್ಟು ಮಾಡಿಕೊಡಬಲ್ಲೆ, ಸದ್ಯ ಯಾರಿಗೆ ಕೊಡುತ್ತಿದ್ದೇನೆ ಎಂಬುದನ್ನು ಎರಡು ಮಾತಿನಲ್ಲಿ ಹೇಳಲು ಬರಬೇಕು. ‘ನಾವು ಎಲ್ಲಾ ಮಾಡ್ತೀವ್ರಿ’ ಎಂದವರ ಕಾರ್ಡು ಜೇಬಿನಲ್ಲೇ ಉಳಿಯುತ್ತದೆ.

ಮಧ್ಯಾಹ್ನ ಸರ್ಕಾರಿ ಖರೀದಿಯ ಬಗ್ಗೆ ಒಂದು ಗೋಷ್ಠಿ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರಿದು, ದೊಡ್ಡ ರೈಲ್ವೆ ವರ್ಕ್‌ಶಾಪ್ ಇದೆ. ಕೇಂದ್ರ ಸರ್ಕಾರದ ಇಲಾಖೆಗಳು, ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯ ಶೇ 25ನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು, ಅದರಲ್ಲಿ ಶೇ 4 ಪರಿಶಿಷ್ಟರ, ಶೇ 3 ಮಹಿಳೆಯರ ಉದ್ಯಮಗಳಿಂದ ಎಂಬ ನೀತಿ ಇದೆ. ಟೆಂಡರ್ ಫಾರ್ಮಿಗೆ ಹಣವಿಲ್ಲ, ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟಬೇಕಿಲ್ಲ. ಅತಿ ಕಡಿಮೆ ದರ ಹಾಕಿದವರು ದೊಡ್ಡ ಕಂಪನಿಯಾಗಿದ್ದು, ನಿಮ್ಮ ದರ ಅದಕ್ಕಿಂತ ಶೇ 15ರೊಳಗೆ ಹೆಚ್ಚಿದ್ದರೆ, ಅವರ ದರಕ್ಕೆ ನೀವು ಒಪ್ಪಿ ಒಂದು ಪಾಲು ಪಡೆಯುವ ಅವಕಾಶವೂ ಉಂಟು. ಕೇಳಿದವರ ಕಣ್ಣರಳಿತು. ಹಾಗಾದರೆ ಯಾವ ಬಿಡಿಭಾಗ ಬೇಕು, ಯಾವ ಡ್ರಾಯಿಂಗ್, ಯಾರನ್ನು ಕಾಣಬೇಕು ಎಂದು ಕೇಳಿದರೆ ಉತ್ತರ ಕೊಡಬೇಕಾದ ಖರೀದಿ ವಿಭಾಗದವರು ಯಾರೂ ವೇದಿಕೆಯಲ್ಲಿರಲಿಲ್ಲ. ಜಾಲತಾಣದ ವಿಳಾಸ ಬರೆದುಕೊಂಡು ಜನ ಎದ್ದರು. ಬೇಕಾದ ಬಿಡಿಭಾಗಗಳನ್ನೇ ಟೇಬಲ್ ಮೇಲೆ ಹರಡಿ, ಪಕ್ಕದಲ್ಲಿ ಡ್ರಾಯಿಂಗ್ ಇಟ್ಟು, ಖರೀದಿ ಅಧಿಕಾರಿಯನ್ನು ಕೂರಿಸಿದರೆ ಅರ್ಧ ತಾಸಿನಲ್ಲಿ ಆಗುವ ಕೆಲಸ ಅದು. ವೆಂಡರ್ ಡೆವಲಪ್‌ಮೆಂಟ್ ಎಂಬ ಹೆಸರಲ್ಲಿ ಬೇರೆ ಬೇರೆ ಕಡೆ ಅಂಥ ಮೇಳಗಳು ನಡೆಯುತ್ತವೆ. ಜಿಲ್ಲೆಯ ಸಮಾವೇಶವೂ ಅದೇ ಆಗಬೇಕು.

ಕುಂದಗೋಳ ಕಡೆಯಿಂದ ಬಂದಿದ್ದ ಒಬ್ಬ ಅಕ್ಕ ಹಿಂದಿನ ಸಾಲಿನಲ್ಲಿ ಕಾಲ ಬುಡಕ್ಕೆ ರಟ್ಟಿನ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಒಳಗೆ ಜೋಳದ ಖಡಕ್ ರೊಟ್ಟಿ. ಸಂಘದ ಆರು ಜನ ಹೆಣ್ಣುಮಕ್ಕಳು ಸೇರಿ ಮಾಡುತ್ತಾರೆ. ತೆರೆದು ತೋರಿಸಿದಾಗ ಮೇಲಿನ ರೊಟ್ಟಿಗಳು ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ ಇದ್ದವು, ಕೆಳಗಿನವು ನಾಲ್ಕು ನಾಲ್ಕು ಹೋಳು. ‘ಬಸ್ಸಿನ್ಯಾಗ ಬರೂದ್ರಾಗ ಹಿಂಗ ಆಗ್ತದ್ರಿ. ಪುಣೆಕ ಕಳಸ್ರಿ ಅಂತಾರ, ಹೆಂಗ ಕಳಸೂದು?’ ರೊಟ್ಟಿ ಮಾಡಲು ಬರುತ್ತದೆ, ಸಾಲ ಸಿಕ್ಕಿದೆ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಆಗಿದೆ. ಆಹಾರ ಸಂಸ್ಕರಣೆಯ ಕಿರು ಘಟಕಗಳಿಗೆ ಕೇಂದ್ರ ಕೊಡುವ ಶೇ 35ರ ಸಬ್ಸಿಡಿಯ ಜೊತೆಗೆ ರಾಜ್ಯ ಶೇ 15 ಸೇರಿಸುತ್ತದೆ ಎಂಬುದೂ ಅವರಿಗೆ ಬಾಯಿಪಾಠ. ಕಲಬುರಗಿ ರೊಟ್ಟಿ ಬ್ರ್ಯಾಂಡ್ ಆದದ್ದು ಗೊತ್ತು. ಅಡ್ಡ ನಿಂತದ್ದು ಒಂದೇ, ಮುರಿಯದೆ ಹೋಗುವ ಡಬ್ಬಿ. ಪಕ್ಕದಲ್ಲಿದ್ದ ಬೇಕರಿಯವರು, ರೊಟ್ಟಿ ಪೂರ್ತಿ ಆರದೆ ಪ್ಯಾಕ್ ಮಾಡಿದರೆ ಒಳಗೆ ಬೆವರು ಕಟ್ಟಿ ಮೆತ್ತಗಾಗುತ್ತದೆ, ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ, ಹತ್ತು ಹತ್ತರ ನಡುವೆ ದುಂಡಗೆ ಕತ್ತರಿಸಿದ ರಟ್ಟು ಇಡಿ ಎಂದು ಹೇಳಿಕೊಟ್ಟರು. ಆದರೆ ರೊಟ್ಟಿಯ ಅಳತೆಗೆ ಸರಿಯಾಗಿ ಡಬ್ಬಿ ಮಾಡಿಕೊಡುವವರು ಯಾರು, ಅದೂ ಒಂದು ಸಲಕ್ಕೆ ಇನ್ನೂರು, ಮುನ್ನೂರರ ಲೆಕ್ಕದಲ್ಲಿ? ಅದು ಬೇಕರಿಯವರಿಗೂ ಗೊತ್ತಿರಲಿಲ್ಲ. ನಾಲ್ಕೂವರೆಯ ಬಸ್ ಹಿಡಿಯಲು ಅಕ್ಕ ಎದ್ದು ಹೋದರು. ಹೆಣ್ಣುಮಕ್ಕಳಿಗೆಂದೇ ಇಟ್ಟಿದ್ದ ಗೋಷ್ಠಿ ಐದಕ್ಕೆ ಶುರುವಾಯಿತು.

ಗೋಷ್ಠಿಗಳನ್ನು ಬೆಳಿಗ್ಗೆಗೆ ತಂದು ದೀಪ, ಹಾರಗಳನ್ನು ಸಂಜೆಗೆ ಇಟ್ಟರೆ ಯಾರಿಗೂ ನಷ್ಟವಿಲ್ಲ. ಬೀಗ ಹಾಕಿ ಬರುವವರ ಸಲುವಾಗಿ ವಾರದ ರಜೆಯ ದಿನವೇ ಸಮಾವೇಶ ಇಡಬಹುದು. ಸಂಘಟಕರ ಶ್ರಮವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಇಲಾಖೆಗಳನ್ನು ಒಂದೇ ಸೂರಿನಡಿ ತರುವುದು ಎಷ್ಟು ಕಷ್ಟವೆಂದು ಗೊತ್ತು. ಆದ್ದರಿಂದಲೇ ಆ ಶ್ರಮ ಫೋಟೊದಲ್ಲಿ ಮುಗಿಯಬಾರದು.

ಸಂಜೆ ಚಹಾ ಕುಡಿಯುವಾಗ ನನ್ನ ಜೊತೆ ಮಾತಿಗೆ ನಿಂತವರು ಧಾರವಾಡ ರಸ್ತೆಯಲ್ಲಿ ರಟ್ಟಿನ ಡಬ್ಬಿಯ ಸಣ್ಣ ಘಟಕ ನಡೆಸುವವರು. ದೊಡ್ಡ ಆರ್ಡರುಗಳೆಲ್ಲ ದೊಡ್ಡ ಘಟಕಗಳಿಗೇ ಹೋಗುತ್ತವೆ, ಇನ್ನೂರು ಮುನ್ನೂರು ಡಬ್ಬಿಯ ಗಿರಾಕಿಗಳು ಸಿಕ್ಕರೂ ಸಾಕು, ಹುಡುಕುವುದು ಎಲ್ಲಿ ಎಂದು ಕೇಳುತ್ತಿದ್ದರು. ಅವರು ಬೆಳಗಿನಿಂದ ಕೂತಿದ್ದದ್ದು ನಾಲ್ಕನೆಯ ಸಾಲಿನಲ್ಲಿ. ಅವರ ನಂಬರನ್ನು ಕುಂದಗೋಳದ ಅಕ್ಕನಿಗೆ ವಾಟ್ಸ್‌ಆ್ಯಪ್ ಮಾಡಿದೆ, ಮರುದಿನವೇ ಇಬ್ಬರೂ ಮಾತಾಡಿಕೊಂಡರು. ಹೋಗುವಾಗ ಬಾಗಿಲಲ್ಲಿದ್ದ ನೋಂದಣಿ ಪುಸ್ತಕ ತಿರುವಿ ನೋಡಿದ್ದೆ. ಹೆಸರು, ಊರು, ಮೊಬೈಲ್ ಸಂಖ್ಯೆ, ಸಹಿ. ಏನು ತಯಾರಿಸುತ್ತೀರಿ, ಏನು ಬೇಕಾಗಿದೆ ಎಂಬ ಇನ್ನೆರಡು ಕಾಲಮ್ಮು ಗೆರೆ ಹಾಕಿ, ಊಟದ ಹೊತ್ತಿಗೆ ಆ ಪಟ್ಟಿಯ ಜೆರಾಕ್ಸ್ ಹಂಚಿದ್ದರೆ ಅವರಿಬ್ಬರ ನಡುವೆ ಪತ್ರಕರ್ತ ಬರಬೇಕಾಗಿರಲಿಲ್ಲ.